ಹಳೆಯ ಅನಲಾಗ್ ಡ್ರಮ್ ಮಷೀನ್: ಕೇಳುವ, ನುಡಿಸುವ, ಕಾಪಾಡುವ ಬಗೆ

ಹಳೆಯ ಅನಲಾಗ್ ಡ್ರಮ್ ಮಷೀನಿನ ಒಳಗೆ ಯಾವ ವಾದಕರ ಪೆಟ್ಟನ್ನೂ ಧ್ವನಿಮುದ್ರಿಸಿ ಇಟ್ಟಿರುವುದಿಲ್ಲ. ತಾಳದ ಪ್ರತಿ ಬಡಿತಕ್ಕೂ ಒಂದು ಕ್ಷಣಿಕ ವಿದ್ಯುತ್ ಮಿಡಿತ ಹೊರಟು, ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರುಗಳಿಂದ ಕಟ್ಟಿದ ಪುಟ್ಟ ಸರ್ಕ್ಯೂಟಿಗೆ ತಾಗುತ್ತದೆ. ಪೆಟ್ಟು ಬಿದ್ದ ಗಂಟೆ ತನ್ನ ಸ್ವರದಲ್ಲಿ ಮೊಳಗಿ ಮೆಲ್ಲಗೆ ಅಡಗುವಂತೆ ಆ ಸರ್ಕ್ಯೂಟೂ ಮೊಳಗಿ ಅಡಗುತ್ತದೆ. ನಮ್ಮ ಕಿವಿಗೆ ಬೀಳುವುದು ಆಗಷ್ಟೇ ಹುಟ್ಟಿದ ಸದ್ದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡವರು ಈ ಯಂತ್ರದಿಂದ ನಿಜವಾದ ಡ್ರಮ್ಮಿನ ನಾದವನ್ನು ಹಿಂಡಲು ಹೋಗುವುದಿಲ್ಲ. ಇದು ತನ್ನಷ್ಟಕ್ಕೆ ತಾನೇ ಒಂದು ವಾದ್ಯ, ಮತ್ತು ಬೇರೆ ವಾದ್ಯಗಳಂತೆಯೇ ಇದನ್ನೂ ಕೂತು ಕಲಿಯಬೇಕಾಗುತ್ತದೆ.

ಮೊದಲು, ಕೈಗೆ ಬಂದದ್ದು ಯಾವ ಬಗೆಯದು ಎಂದು ತಿಳಿಯಿರಿ

ಈ ಯಂತ್ರಗಳ ಇತಿಹಾಸವನ್ನು ತಿಳಿದುಕೊಳ್ಳುವುದು ಬರಿಯ ಕುತೂಹಲಕ್ಕಲ್ಲ. ಯಾವ ಕಾಲದ ಯಂತ್ರ ಎಂಬುದರ ಮೇಲೆ ಅದನ್ನು ನುಡಿಸುವ ಬಗೆ ನಿರ್ಧಾರವಾಗುತ್ತದೆ. 1959ರಲ್ಲಿ ಅಮೆರಿಕದ ವುರ್ಲಿಟ್ಜರ್ ಕಂಪನಿ ಹೊರತಂದ ಸೈಡ್‌ಮ್ಯಾನ್‌ನಲ್ಲಿ ತಿರುಗುವ ಒಂದು ತಟ್ಟೆ ಸಂಪರ್ಕಬಿಂದುಗಳನ್ನು ಸವರಿಕೊಂಡು ಹೋಗುತ್ತಿತ್ತು, ವ್ಯಾಕ್ಯೂಮ್ ಟ್ಯೂಬುಗಳು ಸದ್ದು ಮಾಡುತ್ತಿದ್ದವು. 1963ರಲ್ಲಿ ಜಪಾನಿನ ಕೀಯೋ ಸಂಸ್ಥೆ, ಅಂದರೆ ಮುಂದೆ ಕೊರ್ಗ್ ಎಂದು ಹೆಸರಾದ ಸಂಸ್ಥೆ, ಡೊಂಕಾ-ಮ್ಯಾಟಿಕ್ ಎಂಬ ಯಂತ್ರವನ್ನು ಮಾಡಿತು. 1967ರಲ್ಲಿ ಇಕುತಾರೊ ಕಾಕೆಹಾಶಿ ಅವರ ಏಸ್ ಟೋನ್ ಕಂಪನಿ ಟ್ರಾನ್ಸಿಸ್ಟರುಗಳಿಂದ ನಡೆಯುವ ಎಫ್‌ಆರ್-1 ರಿದಮ್ ಏಸ್ ಅನ್ನು ತಂದಿತು. ಅದರಲ್ಲಿ ಮೊದಲೇ ಹೆಣೆದಿಟ್ಟ 16 ತಾಳಗಳಿದ್ದವು. ಇವುಗಳ ಮುಖ್ಯ ಗಿರಾಕಿಗಳು ಆರ್ಗನ್ ನುಡಿಸುವವರು.

ನಿಮ್ಮ ಬಳಿ ಇರುವುದು ಈ ಬಗೆಯ, ಸಿದ್ಧತಾಳದ ಯಂತ್ರವಾಗಿದ್ದರೆ ಹೊಸ ಪ್ಯಾಟರ್ನ್ ಬರೆಯಲು ಆಗುವುದಿಲ್ಲವೆಂದು ಬೇಸರಪಡಬೇಡಿ. ಇಂತಹ ಬಹಳಷ್ಟು ಯಂತ್ರಗಳಲ್ಲಿ ಎರಡು ತಾಳಗಳ ಗುಂಡಿಗಳನ್ನು ಒಟ್ಟಿಗೆ ಅದುಮಿದರೆ ಎರಡೂ ಕೂಡಿಕೊಂಡು ಮೂರನೆಯದೊಂದು ತಾಳ ಹುಟ್ಟುತ್ತದೆ. ರಿದಮ್ ಏಸ್‌ನಲ್ಲಿ ಬಾಸ್ ಡ್ರಮ್, ಸಿಂಬಲ್, ಕೌಬೆಲ್, ಕ್ಲೇವ್ ಇವುಗಳನ್ನು ಒಂದೊಂದಾಗಿ ಬಾಯಿ ಮುಚ್ಚಿಸುವ ಗುಂಡಿಗಳೂ ಇವೆ. ಎರಡು ತಾಳ ಬೆರೆಸಿ, ಅದರಿಂದ ಒಂದೆರಡು ವಾದ್ಯಗಳನ್ನು ತೆಗೆದು ನೋಡಿ. ಯಂತ್ರ ಮಾಡಿದವರೂ ಎಣಿಸಿರದ ಲಯಗಳು ಸಿಗುತ್ತವೆ. 1971ರಲ್ಲಿ ಅಮೆರಿಕದ ಗಾಯಕ ಸ್ಲೈ ಸ್ಟೋನ್, ಮಾಸ್ಟ್ರೊ ರಿದಮ್ ಕಿಂಗ್ ಎಂಬ ಇಂಥದೇ ಸಿದ್ಧತಾಳದ ಪೆಟ್ಟಿಗೆಯನ್ನು ಇಟ್ಟುಕೊಂಡು ತನ್ನ ಗಾಯನದ ಸುತ್ತ ಹೊಸ ಬಗೆಯ ಫಂಕ್ ಕಟ್ಟಿದ್ದನ್ನು ನೆನೆದರೆ, ಈ ಸೀಮಿತ ಯಂತ್ರಗಳ ಬಗ್ಗೆ ಗೌರವ ಹೆಚ್ಚುತ್ತದೆ.

ಕಾಕೆಹಾಶಿ 1972ರಲ್ಲಿ ರೋಲ್ಯಾಂಡ್ ಸಂಸ್ಥೆಯನ್ನು ಕಟ್ಟಿದರು. 1978ರ ಸಿಆರ್-78ರಲ್ಲಿ ಮೈಕ್ರೊಪ್ರೊಸೆಸರ್ ಬಂತು, ಬಳಸುವವರು ತಾವೇ ಹೆಣೆದ ನಾಲ್ಕು ತಾಳಗಳನ್ನು ಅದರ ನೆನಪಿನಲ್ಲಿ ಉಳಿಸಬಹುದಾಯಿತು. ಈ ಯಂತ್ರವನ್ನು ಕೊಳ್ಳುವವರು ಒಂದು ಮಾತು ಗಮನಿಸಬೇಕು: ತಾಳ ಬರೆಯಲು ಡಬ್ಲ್ಯುಎಸ್-1 ಎಂಬ ಪ್ರತ್ಯೇಕ ಸ್ವಿಚ್ ಬೇಕು, ಅದು ಜೊತೆಗೆ ಬಾರದಿದ್ದರೆ ಯಂತ್ರದ ಅರ್ಧ ಶಕ್ತಿ ಕೈತಪ್ಪಿದಂತೆ.

1980ರಲ್ಲಿ ರೋಲ್ಯಾಂಡ್ ತಂದ ಟಿಆರ್-808 ಈ ಕತೆಯ ನಡುಮನೆ. ಅದೇ ವರ್ಷ ರೋಜರ್ ಲಿನ್ ಅವರ ಎಲ್‌ಎಮ್-1 ಎಂಬ ಡ್ರಮ್ ಮಷೀನ್, ನಿಜವಾದ ಡ್ರಮ್ಮಿನ ಸದ್ದನ್ನು ಮುದ್ರಿಸಿಟ್ಟ ಡಿಜಿಟಲ್ ಮಾದರಿಗಳೊಂದಿಗೆ ಸುಮಾರು 5,000 ಡಾಲರಿಗೆ ಮಾರುಕಟ್ಟೆಗೆ ಬಂದಿತ್ತು. 808ರ ಬೆಲೆ 1,195 ಡಾಲರ್. ನಿಜವಾದ ಡ್ರಮ್ಮನ್ನೇ ಬಯಸಿದವರಿಗೆ 808 ರುಚಿಸಲಿಲ್ಲ. 1983ರಲ್ಲಿ ಉತ್ಪಾದನೆ ನಿಲ್ಲುವ ಹೊತ್ತಿಗೆ ಸುಮಾರು 12,000 ಯಂತ್ರಗಳಷ್ಟೇ ತಯಾರಾಗಿದ್ದವು, ಅವುಗಳಲ್ಲಿ ಅನೇಕವು ಅಗ್ಗದ ದರಕ್ಕೆ ಸೆಕೆಂಡ್‌ಹ್ಯಾಂಡ್ ಅಂಗಡಿಗಳನ್ನು ಸೇರಿದವು. ಕೈಯಲ್ಲಿ ಹೆಚ್ಚು ಹಣವಿಲ್ಲದ ಯುವ ಸಂಗೀತಗಾರರು ಅಲ್ಲಿಂದಲೇ ಅವನ್ನು ಎತ್ತಿಕೊಂಡು ಹೋಗಿ ಹಿಪ್‌ಹಾಪ್, ಎಲೆಕ್ಟ್ರೊ, ಟೆಕ್ನೊ ಸಂಗೀತಗಳ ಬುನಾದಿ ಹಾಕಿದರು. 1982ರಲ್ಲಿ ಮಾರ್ವಿನ್ ಗೇ ಅವರ ‘ಸೆಕ್ಷುಯಲ್ ಹೀಲಿಂಗ್’ ಮತ್ತು ಆಫ್ರಿಕಾ ಬಂಬಾಟಾ ಅವರ ‘ಪ್ಲಾನೆಟ್ ರಾಕ್’ ಎಂಬ, ಒಂದಕ್ಕೊಂದು ಹೋಲದ ಎರಡು ಹಾಡುಗಳು ಇದೇ ಯಂತ್ರದ ಮೇಲೆ ನಿಂತವು. ಕಲಿಯುವವರು ಈ ಎರಡನ್ನೂ ಒಂದರ ಹಿಂದೊಂದು ಕೇಳಬೇಕು: ಮೊದಲನೆಯದರಲ್ಲಿ ಯಂತ್ರ ಪಿಸುಗುಡುತ್ತದೆ, ಎರಡನೆಯದರಲ್ಲಿ ಗುಡುಗುತ್ತದೆ.

ಒಂದೊಂದೇ ಸದ್ದಿನೊಂದಿಗೆ ಕೂರಿ

ಯಂತ್ರವನ್ನು ಹಚ್ಚಿ ಇಪ್ಪತ್ತು ನಿಮಿಷ ಹಾಗೆಯೇ ಬಿಡಿ. ಒಳಗಿನ ಭಾಗಗಳು ಬೆಚ್ಚಗಾದ ಮೇಲೆ ಸದ್ದು ಸ್ಥಿರವಾಗುತ್ತದೆ. ಪೂರ್ತಿ ತಾಳ ಹಾಕುವ ಆತುರ ಬೇಡ. ಬಾಸ್ ಡ್ರಮ್ ಒಂದನ್ನೇ ನಿಧಾನವಾದ ಗತಿಯಲ್ಲಿ, ನಿಮಿಷಕ್ಕೆ 60 ಬಡಿತದಂತೆ ಓಡಿಸಿ. 808ರ ಬಾಸ್ ಡ್ರಮ್ಮಿನ ಮೂಲ ಕಂಪನ ಸುಮಾರು 50 ಹರ್ಟ್ಝ್‌ನಷ್ಟು ಕೆಳಗಿರುವುದರಿಂದ ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಅಥವಾ ದೊಡ್ಡ ಸ್ಪೀಕರ್ ಬೇಕೇ ಬೇಕು. ಈಗ ಡಿಕೇ ಎಂಬ ನಾಬನ್ನು ಪೂರ್ತಿ ಕೆಳಗಿಳಿಸಿ, ಅಲ್ಲಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೇರಿಸುತ್ತ ಹೋಗಿ. ಮೊದಲು ಮರಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿದಂತಿರುವ ಸದ್ದು ಬರಬರುತ್ತ ಉದ್ದವಾಗಿ, ಒಂದು ಹಂತದಲ್ಲಿ ಪೆಟ್ಟು ಎನ್ನಿಸುವುದು ನಿಂತು ಸ್ವರ ಎನ್ನಿಸತೊಡಗುತ್ತದೆ. ಆ ಹಂತ ನಾಬಿನ ಯಾವ ಜಾಗದಲ್ಲಿದೆ ಎಂದು ಬೆರಳಿಗೆ ನೆನಪಾಗುವವರೆಗೆ ಇದನ್ನು ಮಾಡಿ. 808ರ ಮೋಡಿಯ ಬಹುಪಾಲು ಈ ಒಂದು ನಾಬಿನಲ್ಲಿದೆ ಎಂದರೆ ಅತಿಶಯವಾಗದು. ಬಾಸ್ ಡ್ರಮ್ಮೇ ಹಾಡಿನ ಬಾಸ್ ಗೆರೆಯೂ ಆಗಬಹುದು ಎಂಬ ಅರಿವು ಸಂಗೀತಕ್ಕೆ ಬಂದದ್ದು ಇಲ್ಲಿಂದ.

ಉದ್ದದ ಬಾಸ್ ಬಳಸುವಾಗ ಚಿಕ್ಕದೊಂದು ಲೆಕ್ಕ ಹಾಕಿಕೊಳ್ಳಿ. ಗತಿ ನಿಮಿಷಕ್ಕೆ 120 ಇದ್ದರೆ ಒಂದು ಬಡಿತದಿಂದ ಮುಂದಿನದಕ್ಕೆ ಅರ್ಧ ಸೆಕೆಂಡ್. ಬಾಸಿನ ಬಾಲ ಅದಕ್ಕಿಂತ ಉದ್ದವಾದರೆ ಮುಂದಿನ ಪೆಟ್ಟು ಅದರ ಮೇಲೆಯೇ ಬಿದ್ದು ಕೆಳಸ್ತರವೆಲ್ಲ ಕಲಸಿಹೋಗುತ್ತದೆ. ಆಗ ನಾಬನ್ನು ಇಳಿಸುವುದಕ್ಕಿಂತ ಒಂದು ಪೆಟ್ಟನ್ನೇ ತೆಗೆದುಹಾಕುವುದು ಮೇಲು ಎಂಬುದು ನನ್ನ ಅನುಭವ. ಇನ್ನು, 808ರ ಬಾಸಿಗೆ ಶ್ರುತಿ ಬದಲಿಸುವ ನಾಬ್ ಇಲ್ಲ. ಬಿಡಿಭಾಗಗಳ ಅಳತೆಯಲ್ಲಿರುವ ಸಣ್ಣ ಹೆಚ್ಚುಕಡಿಮೆಯಿಂದಾಗಿ ಒಂದೊಂದು ಯಂತ್ರದ ಶ್ರುತಿಯೂ ತುಸು ಬೇರೆ. ಆದ್ದರಿಂದ ನಿಮ್ಮ ಯಂತ್ರದ ಬಾಸ್ ಯಾವ ಸ್ವರದ ಬಳಿ ಇದೆ ಎಂದು ಟ್ಯೂನರಿನಿಂದ ಕಂಡುಕೊಂಡು, ಹಾಡಿನ ಶ್ರುತಿಯನ್ನು ಅದಕ್ಕೆ ಹೊಂದಿಸುವುದು ಜಾಣತನ. ರೋಲ್ಯಾಂಡಿನದೇ ಆದ 1983ರ ಟಿಆರ್-909ರಲ್ಲಾದರೆ ಬಾಸಿಗೆ ಟ್ಯೂನ್ ನಾಬ್ ಇದೆ.

ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ಮಿನಲ್ಲಿ ಎರಡು ಮೊಳಗುವ ಸರ್ಕ್ಯೂಟುಗಳೊಂದಿಗೆ ಒಂದು ಗೊರಗೊರ ಸದ್ದು ಬೆರೆತಿರುತ್ತದೆ; ಸ್ನ್ಯಾಪಿ ನಾಬ್ ಹೆಚ್ಚಿಸಿದಷ್ಟೂ ಗೊರಗೊರ ಮುಂದೆ ಬರುತ್ತದೆ. ಈ ಗೊರಗೊರ ಹುಟ್ಟುವುದು ಒಂದು ಟ್ರಾನ್ಸಿಸ್ಟರಿನ ದೋಷದಿಂದ. ಸಾಮಾನ್ಯ ಬಳಕೆಗೆ ನಾಲಾಯಕ್ಕೆಂದು ಪಕ್ಕಕ್ಕಿಟ್ಟ ಟ್ರಾನ್ಸಿಸ್ಟರುಗಳನ್ನೇ ಆರಿಸಿ ತಂದು ಇದರಲ್ಲಿ ಬಳಸಲಾಗಿತ್ತೆಂದೂ, ತಯಾರಿಕೆಯ ತಂತ್ರ ಸುಧಾರಿಸಿ ಅಂತಹ ದೋಷದ ಟ್ರಾನ್ಸಿಸ್ಟರುಗಳು ಸಿಗದಂತಾದಾಗ 808ರ ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತೆಂದೂ ಕಾಕೆಹಾಶಿ ಹೇಳಿದ್ದರು. ಕೈಚಪ್ಪಾಳೆಯ ಸದ್ದನ್ನು ನಿಧಾನಗತಿಯಲ್ಲಿ ಕೇಳಿದರೆ, ಸುಮಾರು 10 ಮಿಲಿಸೆಕೆಂಡಿನ ಅಂತರದಲ್ಲಿ ಗೊರಗೊರದ ಚಿಕ್ಕ ಚಿಕ್ಕ ಸಿಡಿತಗಳು ಬಂದು ಕೊನೆಯದು ಬಾಲ ಬಿಡುವುದು ತಿಳಿಯುತ್ತದೆ. ಹಲವರು ಚಪ್ಪಾಳೆ ತಟ್ಟುವಾಗ ಎಲ್ಲ ಅಂಗೈಗಳೂ ಒಂದೇ ಕ್ಷಣಕ್ಕೆ ಕೂಡುವುದಿಲ್ಲವಲ್ಲ, ಅದನ್ನೇ ಸರ್ಕ್ಯೂಟಿನಲ್ಲಿ ಹಿಡಿದಿದ್ದಾರೆ. ಕೌಬೆಲ್ ಎಂದರೆ ಸುಮಾರು 540 ಮತ್ತು 800 ಹರ್ಟ್ಝ್‌ನ ಎರಡು ಚೌಕ ತರಂಗಗಳು, ಅಷ್ಟೇ. ಸಿಂಬಲ್ ಮತ್ತು ಹೈಹ್ಯಾಟುಗಳು (ಹೈಹ್ಯಾಟ್ ಎಂದರೆ ಒಂದರ ಮೇಲೊಂದು ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಒಂದಕ್ಕೊಂದು ಶ್ರುತಿ ಕೂಡದ ಆರು ಚೌಕ ತರಂಗಗಳನ್ನು ಬೆರೆಸಿ ಸೋಸಿದವು. ಲೋಹವೆಂಬುದೇ ಇಲ್ಲದೆ ಲೋಹದ ಮಿನುಗು ಬರುವುದು ಹೀಗೆ.

ಹದಿನಾರು ಗುಂಡಿಗಳ ಬಳಕೆ

808 ಜನಪ್ರಿಯಗೊಳಿಸಿದ ಹದಿನಾರು ಗುಂಡಿಗಳ ಸಾಲು ಇಂದಿಗೂ ಡ್ರಮ್ ಮಷೀನುಗಳ ಅಕ್ಷರಮಾಲೆ. ಸಾಲೆಲ್ಲ ಸೇರಿ ನಾಲ್ಕು ಬಡಿತದ ಒಂದು ಆವರ್ತ; ಕೆಂಪು, ಕಿತ್ತಳೆ, ಹಳದಿ, ಬಿಳಿ ಬಣ್ಣಗಳ ನಾಲ್ಕು ಗುಂಪುಗಳಲ್ಲಿ ಒಂದೊಂದು ಗುಂಪೂ ಒಂದು ಬಡಿತ. ಒಂದು ಗುಂಪಿನ ನಾಲ್ಕು ಗುಂಡಿಗಳನ್ನು ತಕಧಿಮಿ ಎಂದು ಬಾಯಲ್ಲಿ ಹೇಳಿಕೊಂಡರೆ ಯಾವ ಗುಂಡಿ ಎಲ್ಲಿ ಬೀಳುತ್ತದೆ ಎಂಬುದು ಬಹು ಬೇಗ ಒಗ್ಗುತ್ತದೆ.

ಗತಿಯನ್ನು 100ರ ಆಸುಪಾಸಿಗೆ ಇಟ್ಟು, ವಾದ್ಯ ಆರಿಸುವ ತಿರುಗುಗುಂಡಿಯನ್ನು ಬಾಸ್ ಡ್ರಮ್ಮಿಗೆ ತಿರುಗಿಸಿ 1 ಮತ್ತು 11ನೇ ಗುಂಡಿಗಳನ್ನು ಒತ್ತಿ. ಬಳಿಕ ಸ್ನೇರ್‌ಗೆ 5 ಮತ್ತು 13. ಮುಚ್ಚಿದ ಹೈಹ್ಯಾಟಿಗೆ ಎಲ್ಲ ಬೆಸಸಂಖ್ಯೆಯ ಗುಂಡಿಗಳು. ತಾಳ ಓಡುತ್ತಿರುವಾಗಲೇ ಇವನ್ನೆಲ್ಲ ಹಾಕಿ ತೆಗೆಯಬಹುದೆಂಬುದು ಈ ಯಂತ್ರದ ದೊಡ್ಡ ಸುಖ. ನಿಲ್ಲಿಸಿ, ಯೋಚಿಸಿ, ಮತ್ತೆ ಹಚ್ಚುವ ಗೊಡವೆಯಿಲ್ಲ. ಈಗ 15ನೇ ಗುಂಡಿಯಲ್ಲಿರುವ ಮುಚ್ಚಿದ ಹೈಹ್ಯಾಟನ್ನು ತೆಗೆದು ಅಲ್ಲಿ ತೆರೆದ ಹೈಹ್ಯಾಟ್ ಹಾಕಿ. ಆವರ್ತ ತಿರುಗಿ 1ಕ್ಕೆ ಬಂದಾಗ ಮುಚ್ಚಿದ ಹೈಹ್ಯಾಟ್ ಅದನ್ನು ಥಟ್ಟನೆ ಕತ್ತರಿಸುತ್ತದೆ. ಆ ಕತ್ತರಿಕೆಯಲ್ಲಿ ತಾಳಕ್ಕೆ ಉಸಿರು ಬರುತ್ತದೆ.

ಇಷ್ಟಾದ ಮೇಲೆ ಒತ್ತು ಕೊಡುವ ಕೆಲಸ. ಆಕ್ಸೆಂಟ್ ಎಂಬುದು 808ರಲ್ಲಿ ಒಂದು ವಾದ್ಯಕ್ಕಲ್ಲ, ಆ ಗುಂಡಿಯ ಜಾಗದಲ್ಲಿ ಬೀಳುವ ಎಲ್ಲ ವಾದ್ಯಗಳಿಗೂ ಒಟ್ಟಾಗಿ ತಗಲುತ್ತದೆ. ಮೊದಮೊದಲು ಇದು ಕೊರತೆ ಎನಿಸುತ್ತದೆ. ಆದರೆ 5 ಮತ್ತು 13ಕ್ಕೆ ಒತ್ತು ಕೊಟ್ಟು ಕೇಳಿ, ಅನಂತರ ಅದನ್ನು 3 ಮತ್ತು 11ಕ್ಕೆ ಸರಿಸಿ ಕೇಳಿ: ಒಂದು ಪೆಟ್ಟೂ ಬದಲಾಗದೆ ತಾಳದ ನಡಿಗೆಯೇ ಬದಲಾಗಿರುತ್ತದೆ. ಇಡೀ ತಂಡ ಒಂದೇ ಕಡೆ ವಾಲಿದಂತಹ ಈ ಅನುಭವ ಪ್ರತಿ ವಾದ್ಯಕ್ಕೂ ಬೇರೆಬೇರೆ ಒತ್ತು ಕೊಡಬಹುದಾದ ಆಧುನಿಕ ತಂತ್ರಾಂಶಗಳಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ತಾಳಕ್ಕೆ ಓಲಾಟ ಬೇಕೆಂದರೆ 909ರ ಷಫಲ್ ಸೌಲಭ್ಯ ನೆರವಾಗುತ್ತದೆ, 808ರಲ್ಲಿ ಅದು ಇಲ್ಲ. ಹೌಸ್ ಮತ್ತು ಟೆಕ್ನೊ ಕಟ್ಟಿದವರು 909ಕ್ಕೆ ಅಂಟಿಕೊಂಡಿದ್ದಕ್ಕೆ ಅದರ ಗಟ್ಟಿ ಬಾಸಿನೊಂದಿಗೆ ಈ ಓಲಾಟವೂ ಕಾರಣವೆಂದು ನಾನು ನಂಬಿದ್ದೇನೆ. ಅಂದಹಾಗೆ, 909 ಪೂರ್ತಿ ಅನಲಾಗ್ ಅಲ್ಲ. ಅದರ ಹೈಹ್ಯಾಟ್ ಮತ್ತು ಸಿಂಬಲ್‌ಗಳು 6 ಬಿಟ್‌ನ ಡಿಜಿಟಲ್ ಮಾದರಿಗಳು.

ಬೇರೆ ಸಾಧನಗಳೊಂದಿಗೆ ಜೋಡಿಸುವಾಗ

808ರ ಹಿಂಬದಿಯ ಐದು ಪಿನ್ನಿನ ಸಾಕೆಟ್ಟನ್ನು ನೋಡಿ ಅದಕ್ಕೆ ಮಿಡಿ (MIDI, ಸಂಗೀತ ಸಾಧನಗಳನ್ನು ಒಂದಕ್ಕೊಂದು ಜೋಡಿಸುವ ಡಿಜಿಟಲ್ ಪದ್ಧತಿ) ಕೇಬಲ್ ಚುಚ್ಚಿದರೆ ಕೆಲಸವಾಗುವುದಿಲ್ಲ. ಮಿಡಿ ಬಂದದ್ದೇ 1983ರಲ್ಲಿ. 808ರ ಸಾಕೆಟ್ಟಿನದು ಡಿನ್ ಸಿಂಕ್ ಎಂಬ ಹಳೆಯ ಪದ್ಧತಿ. ಒಂದು ಬಡಿತಕ್ಕೆ 24 ಮಿಡಿತಗಳನ್ನು ಕಳಿಸಿ ಗತಿಯನ್ನು ಹೊಂದಿಸುತ್ತದೆ. ಕೊರ್ಗ್‌ನ ಆ ಕಾಲದ ಯಂತ್ರಗಳು 48 ಮಿಡಿತಗಳನ್ನು ಬಳಸುವುದರಿಂದ ಎರಡನ್ನೂ ನೇರವಾಗಿ ಜೋಡಿಸಿದರೆ ಒಂದು ಇನ್ನೊಂದರ ಇಮ್ಮಡಿ ವೇಗದಲ್ಲಿ ಓಡುತ್ತದೆ. ಕಂಪ್ಯೂಟರಿನೊಂದಿಗೆ ಕೂಡಿಸಲು ಮಿಡಿಯನ್ನು ಡಿನ್ ಸಿಂಕ್‌ಗೆ ಬದಲಿಸುವ ಪುಟ್ಟ ಪೆಟ್ಟಿಗೆ ಬೇಕು. ಧ್ವನಿಮುದ್ರಣದಲ್ಲಿ ಆಯಾ ವಾದ್ಯದ ಪ್ರತ್ಯೇಕ ಔಟ್‌ಪುಟ್ಟುಗಳನ್ನೇ ಬಳಸಿ; ಬಾಸನ್ನು ಹಾಗೆಯೇ ಬಿಟ್ಟು ಸ್ನೇರ್‌ಗೆ ಮಾತ್ರ ಕೊಂಚ ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದಂತಹ ಅನುರಣನ) ಹಾಕುವುದು ಆಗ ಸಾಧ್ಯವಾಗುತ್ತದೆ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಮೊದಲು ಹಿಂಬದಿಯಲ್ಲಿ ಬರೆದಿರುವ ವೋಲ್ಟೇಜ್ ಓದಿ. ಜಪಾನಿನ ಮಾರುಕಟ್ಟೆಗೆಂದು ಮಾಡಿದವು 100 ವೋಲ್ಟಿನವು; ಅವನ್ನು 220 ಅಥವಾ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. ಸರಿಯಾದ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಚ್ಚಿ ತೋರಿಸಲು ಯಾರು ಹೇಳಿದರೂ ಒಪ್ಪಬೇಡಿ. ಹಚ್ಚಿದ ಮೇಲೆ ವಾಲ್ಯೂಮ್ ಏರಿಸಿ ಏನನ್ನೂ ನುಡಿಸದೆ ಕೇಳಿ: ಗಟ್ಟಿಯಾದ ಗುಂಯ್ ಎಂಬ ಮೊರೆತವಿದ್ದರೆ ವಿದ್ಯುತ್ ಪೂರೈಕೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿರಬಹುದು. ಅವನ್ನು ಬದಲಿಸುವುದು ಬಲ್ಲವರ ಕೆಲಸ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಅನುಭವವಿಲ್ಲದವರು ಪೆಟ್ಟಿಗೆ ಬಿಚ್ಚಬಾರದು. ನಂತರ ಹದಿನಾರೂ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ. ನಾನು ಮೊದಲು ಕೊಂಡ ಯಂತ್ರದಲ್ಲಿ ಏಳನೆಯ ಗುಂಡಿ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗಿ ದೀಪ ಹತ್ತಿ ಆರಿಬಿಡುತ್ತಿತ್ತು. ಅಂಗಡಿಯಲ್ಲಿ ನಾಲ್ಕು ಗುಂಡಿ ಮಾತ್ರ ಒತ್ತಿ ತೃಪ್ತನಾಗಿದ್ದ ನನಗೆ ಅದು ತಿಳಿದದ್ದು ಮನೆಗೆ ತಂದ ಮೇಲೆ. ಸವೆದ ಸ್ವಿಚ್ಚಿನ ಲಕ್ಷಣ ಅದು, ಬದಲಿಸಿದರೆ ಸರಿಹೋಗುತ್ತದೆ. ನಾಬ್ ತಿರುಗಿಸುವಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ಬಹುಮಟ್ಟಿಗೆ ವಾಸಿಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮರೆತುಹೋದ ಬ್ಯಾಟರಿ. 808 ತನ್ನ ಪ್ಯಾಟರ್ನುಗಳನ್ನು ನೆನಪಿಟ್ಟುಕೊಳ್ಳಲು ಮೂರು ಎಎ ಬ್ಯಾಟರಿಗಳನ್ನು ನೆಚ್ಚಿಕೊಂಡಿದೆ. ವರ್ಷಗಟ್ಟಲೆ ಅಲ್ಲೇ ಬಿಟ್ಟರೆ ಅವು ಸೋರಿ ಲೋಹದ ತುದಿಗಳನ್ನು ತಿನ್ನುತ್ತವೆ. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿಯ ಬೂಷ್ಟಿನಂತೆ ಕಟ್ಟಿದ್ದರೆ, ಪ್ಲಗ್ ಕಿತ್ತು, ಕೈಗವಸು ತೊಟ್ಟು, ಹತ್ತಿಕಡ್ಡಿಯನ್ನು ವಿನಿಗರಿನಲ್ಲಿ ಅದ್ದಿ ಹಿಂಡಿ ಮೆಲ್ಲಗೆ ಒರೆಸಿ. ನೊರೆ ನಿಲ್ಲುವವರೆಗೆ ಕಡ್ಡಿ ಬದಲಿಸುತ್ತ ಒರೆಸಿದ ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಇನ್ನೊಮ್ಮೆ ಒರೆಸಿ ಪೂರ್ತಿ ಒಣಗಲು ಬಿಡಿ. ಚೆನ್ನಾಗಿರುವ ಬ್ಯಾಟರಿಗಳನ್ನೂ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಯಂತ್ರ ಚಾಲೂ ಇರುವಾಗಲೇ ಬದಲಿಸಿದರೆ ಪ್ಯಾಟರ್ನುಗಳು ಅಳಿಯದೆ ಉಳಿಯುತ್ತವೆ. ಆದರೂ ಅದಕ್ಕೆ ಮೊದಲು ಚೌಕಳಿ ಹಾಳೆಯಲ್ಲಿ ಹದಿನಾರು ಮನೆಗಳ ಸಾಲು ಎಳೆದು, ವಾದ್ಯಕ್ಕೊಂದು ಸಾಲಿನಂತೆ ಪ್ರತಿ ಪ್ಯಾಟರ್ನನ್ನೂ ಬರೆದಿಟ್ಟುಕೊಳ್ಳಿ, ಗತಿ ಎಷ್ಟು, ಡಿಕೇ ನಾಬ್ ಎಲ್ಲಿತ್ತು ಎಂಬುದನ್ನೂ ಅದೇ ಹಾಳೆಯ ಅಂಚಿನಲ್ಲಿ ಗುರುತು ಹಾಕಿ. ಯಂತ್ರ ನಾಬುಗಳ ಜಾಗವನ್ನು ನೆನಪಿಡುವುದಿಲ್ಲ.