ವರ್ಚುವಲ್ ಮಷೀನ್‌ನ ಭದ್ರತಾ ಲೋಪ: ಪ್ಯಾಚ್ ಹಾಕಿದರಷ್ಟೇ ಸಾಲದು

ಒಂದೇ ಸರ್ವರ್‌ನಲ್ಲಿ ಹತ್ತಾರು ವರ್ಚುವಲ್ ಮಷೀನ್‌ಗಳನ್ನು (ತಂತ್ರಾಂಶವೇ ಸೃಷ್ಟಿಸುವ ಕಂಪ್ಯೂಟರ್‌ಗಳನ್ನು) ನಡೆಸುವವರ ಧೈರ್ಯವೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಒಳಗಿನ ಗೆಸ್ಟ್‌ನಲ್ಲಿ, ಅಂದರೆ ವರ್ಚುವಲ್ ಮಷೀನ್‌ನಲ್ಲಿ, ಏನೇ ನಡೆದರೂ ಅದು ಹೊರಗಿನ ಹೋಸ್ಟ್ ಅನ್ನು, ಅಂದರೆ ಅದನ್ನು ನಡೆಸುವ ಸರ್ವರನ್ನು, ಮುಟ್ಟಲಾರದು. 2015ರ ಮೇ ತಿಂಗಳಲ್ಲಿ ಬಹಿರಂಗವಾದ ‘ವೆನಮ್’ ಲೋಪ (ಭದ್ರತಾ ಲೋಪಗಳಿಗೆ ಕೊಡುವ ಗುರುತಿನ ಸಂಖ್ಯೆಯಾದ ಸಿವಿಇಯ ಪ್ರಕಾರ ಸಿವಿಇ-2015-3456) ಆ ನಂಬಿಕೆಗೇ ಪೆಟ್ಟು ಕೊಟ್ಟಿತು. ವರ್ಚುವಲ್ ಮಷೀನ್‌ಗಳನ್ನು ನಡೆಸುವ ಕ್ಯೂಎಮು ತಂತ್ರಾಂಶದಲ್ಲಿ, ಫ್ಲಾಪಿ ಡಿಸ್ಕ್ ಡ್ರೈವ್ ಅನ್ನು ಅನುಕರಿಸುವ ಕಂಟ್ರೋಲರ್ ಕೋಡ್‌ನಲ್ಲಿ 2004ರಿಂದಲೂ ಅಡಗಿದ್ದ ಈ ಲೋಪ, ಅದೇ ಕೋಡನ್ನು ನೆಚ್ಚಿಕೊಂಡಿದ್ದ ಝೆನ್, ಕೆವಿಎಂ, ವರ್ಚುವಲ್‌ಬಾಕ್ಸ್ ಎಂಬ ಅದೇ ಬಗೆಯ ತಂತ್ರಾಂಶಗಳಿಗೂ ತಗುಲಿತು. ವಿಎಂವೇರ್ ಮತ್ತು ಹೈಪರ್-ವಿ ಪಾರಾದವು. ಗೆಸ್ಟ್ ಕಳಿಸುವ ಆದೇಶಗಳನ್ನು 512 ಬೈಟ್‌ಗಳ ಬಫರ್‌ನಲ್ಲಿ (ತಾತ್ಕಾಲಿಕ ಮೆಮೊರಿ ಜಾಗದಲ್ಲಿ) ತುಂಬಿಕೊಳ್ಳುತ್ತಿದ್ದ ಆ ಕೋಡ್, ಎರಡು ಆದೇಶಗಳ ವಿಷಯದಲ್ಲಿ ಮಾತ್ರ ತುಂಬಿದ ಬೈಟ್‌ಗಳ ಎಣಿಕೆಯನ್ನು ಸಕಾಲಕ್ಕೆ ಶೂನ್ಯಕ್ಕೆ ಮರಳಿಸುತ್ತಿರಲಿಲ್ಲವಾದ್ದರಿಂದ, ಗೆಸ್ಟ್ ಬರೆಯುತ್ತಲೇ ಹೋದರೆ ದತ್ತಾಂಶವು ಬಫರ್ ಮೀರಿ ಹೋಸ್ಟ್‌ನಲ್ಲಿರುವ ಕ್ಯೂಎಮು ಪ್ರಕ್ರಿಯೆಯ ಮೆಮೊರಿಗೆ ನುಗ್ಗುತ್ತಿತ್ತು. ಅದೂ ಫ್ಲಾಪಿಯನ್ನು ಹೆಚ್ಚುಕಡಿಮೆ ಎಲ್ಲರೂ ಮರೆತಿದ್ದ ಕಾಲದಲ್ಲಿ!

ಇಂಥ ಲೋಪದ ಸುದ್ದಿ ಬಂದಾಗ ಮೊದಲು ಹೋಸ್ಟ್‌ನಲ್ಲಿರುವ ತಂತ್ರಾಂಶದ ಹೆಸರು ಮತ್ತು ಆವೃತ್ತಿಯನ್ನು ಗುರುತು ಮಾಡಿಕೊಂಡು, ತಯಾರಕರ ಭದ್ರತಾ ಪ್ರಕಟಣೆಯೊಂದಿಗೆ ಹೋಲಿಸಿ ನೋಡಿ. ಲಿನಕ್ಸ್ ವಿತರಣೆಗಳು ಹಳೆಯ ಆವೃತ್ತಿಗೇ ಪ್ಯಾಚ್ (ಲೋಪ ಸರಿಪಡಿಸುವ ಕೋಡ್) ಸೇರಿಸಿ ಕೊಡುವುದುಂಟು. ಆದ್ದರಿಂದ ಆವೃತ್ತಿ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ, ಆ ವಿತರಣೆಯದೇ ಪ್ರಕಟಣೆಯಲ್ಲಿ ಸಿವಿಇ ಸಂಖ್ಯೆಯನ್ನು ಹುಡುಕಿ. ಬ್ಯಾಕಪ್ ತೆಗೆದಿಟ್ಟು ಅಪ್‌ಡೇಟ್ ಹಾಕಿ. ಅದನ್ನು ಹಾಕಬೇಕಾದುದು ಹೋಸ್ಟ್‌ಗೆ; ಗೆಸ್ಟ್‌ನಲ್ಲಿ ಎಷ್ಟು ಅಪ್‌ಡೇಟ್ ಮಾಡಿದರೂ ಈ ಲೋಪ ಹೋಗುವುದಿಲ್ಲ.

ಹೆಚ್ಚಿನವರು ಎಡವುವುದು ಇದರ ನಂತರ. ಡಿಸ್ಕ್‌ನಲ್ಲಿರುವ ಕಡತ ಹೊಸದಾದರೂ, ಈಗಾಗಲೇ ಓಡುತ್ತಿರುವ ಕ್ಯೂಎಮು ಪ್ರಕ್ರಿಯೆಯ ಮೆಮೊರಿಯಲ್ಲಿರುವುದು ಹಳೆಯ ಕೋಡೇ. ಗೆಸ್ಟ್‌ನ ಒಳಗಿನಿಂದ ರೀಬೂಟ್ ಮಾಡಿದರೆ ಸಾಮಾನ್ಯವಾಗಿ ಆ ಪ್ರಕ್ರಿಯೆ ಕೊನೆಗೊಳ್ಳುವುದಿಲ್ಲ; ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆರಂಭಿಸಬೇಕು. ಲಿನಕ್ಸ್ ಹೋಸ್ಟ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು: ‘ಪ್ರಾಕ್’ (/proc) ಡೈರೆಕ್ಟರಿಯಲ್ಲಿ ಆ ಪ್ರಕ್ರಿಯೆಯ ಸಂಖ್ಯೆಯ ಕೆಳಗಿರುವ ‘ಎಕ್ಸಿ’ (exe) ಲಿಂಕ್‌ನ ಕೊನೆಯಲ್ಲಿ ‘ಡಿಲೀಟೆಡ್’ (deleted) ಎಂದು ಕಂಡರೆ, ಅಳಿಸಿಹೋದ ಹಳೆಯ ಕಡತವೇ ಇನ್ನೂ ಓಡುತ್ತಿದೆ ಎಂದರ್ಥ. ಸೇವೆ ನಿಲ್ಲಿಸುವಂತಿಲ್ಲವಾದರೆ, ಪ್ಯಾಚ್ ಆಗಿರುವ ಇನ್ನೊಂದು ಹೋಸ್ಟ್‌ಗೆ ಲೈವ್ ಮೈಗ್ರೇಶನ್ ಮಾಡಬಹುದು, ಅಂದರೆ ಓಡುತ್ತಿರುವ ಮಷೀನನ್ನು ನಿಲ್ಲಿಸದೆಯೇ ಸ್ಥಳಾಂತರಿಸಬಹುದು. ಅಲ್ಲಿ ಹೊಸ ಪ್ರಕ್ರಿಯೆಯೇ ಆರಂಭವಾಗುತ್ತದೆ.

ಪ್ಯಾಚ್ ತಡವಾದಾಗ ಬೇಡದ ಸಾಧನವನ್ನು ತೆಗೆದುಹಾಕುವುದು ಒಳ್ಳೆಯದೇ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಫ್ಲಾಪಿಯನ್ನು ನಿಷ್ಕ್ರಿಯಗೊಳಿಸಿದರೂ ಬೇರೊಂದು ದೋಷದಿಂದಾಗಿ ಝೆನ್ ಮತ್ತು ಕ್ಯೂಎಮುಗಳಲ್ಲಿ ಕಂಟ್ರೋಲರ್ ಕೋಡ್ ಜೀವಂತವಾಗಿಯೇ ಇತ್ತು. ಲಿನಕ್ಸ್ ಗೆಸ್ಟ್‌ನಲ್ಲಿ ವೆನಮ್ ಬಳಸಲು ರೂಟ್ (ಮಷೀನ್‌ನ ಪೂರ್ಣ ನಿಯಂತ್ರಣದ) ಅಧಿಕಾರ ಬೇಕಿತ್ತು ಎಂಬುದೂ ಅಷ್ಟೇನೂ ಸಮಾಧಾನದ ಸಂಗತಿಯಲ್ಲ, ಏಕೆಂದರೆ ವರ್ಚುವಲ್ ಸರ್ವರ್ ಬಾಡಿಗೆಗೆ ಪಡೆದ ಗ್ರಾಹಕನಿಗೆ ತನ್ನ ಮಷೀನ್‌ನ ರೂಟ್ ಅಧಿಕಾರ ಸಾಮಾನ್ಯವಾಗಿ ಮೊದಲ ದಿನವೇ ಸಿಕ್ಕಿರುತ್ತದೆ.