ಗೋಡೆ ಕ್ಯಾಲೆಂಡರಿನಿಂದ ಸರ್ಟಿಫಿಕೇಟ್‌ವರೆಗೆ: 64 ಕಾಫಿ ತೋಟಗಳ ತರಬೇತಿ, ನನ್ನ ಅನುಭವ

"ಸಣ್ಣ ಬೆಳೆಗಾರರ ಕೈಯಲ್ಲಿ ರೆಕಾರ್ಡ್ ಬರೆಸೋದು ಆಗದ ಮಾತು, ಸುಮ್ಮನೆ ದುಡ್ಡು ಕಳ್ಕೋಬೇಡಿ" ಅಂತ ನನಗೆ ಹೇಳದವರಿಲ್ಲ. ಸಕಲೇಶಪುರದ ಮೇಲ್ಭಾಗದ ನಮ್ಮ 64 ತೋಟಗಳ ಗುಂಪಿಗೆ ರೇನ್‌ಫಾರೆಸ್ಟ್ ಅಲೈಯನ್ಸ್ ಸರ್ಟಿಫಿಕೇಟ್ (ಪರಿಸರ, ಕೂಲಿಯವರ ಹಿತ ಕಾಯುವ ನಿಯಮಾವಳಿ, ಅಂದರೆ ಸ್ಟ್ಯಾಂಡರ್ಡ್ ಪ್ರಕಾರ ಬೆಳೆದು, ರೆಕಾರ್ಡ್ ಇಟ್ಟು, ಆಡಿಟ್ ಪಾಸಾದವರಿಗೆ ಸಿಗುವುದು) ಬಂದು ಎರಡು ಕೊಯ್ಲು ಮುಗಿದಿವೆ. ಸ್ಟ್ಯಾಂಡರ್ಡ್‌ನಲ್ಲಿ ಏನಿದೆ, ಒಳತಪಾಸಣೆ (ಹೊರಗಿನ ಆಡಿಟ್‌ಗೆ ಮೊದಲು ಗುಂಪಿನವರೇ ತೋಟ ನೋಡುವುದು) ಅಂದರೇನು ಅನ್ನೋದು ಈ ಕೆಲಸದಲ್ಲಿರುವ ನಿಮಗೆಲ್ಲ ಗೊತ್ತು. ತರಬೇತಿ ಎಲ್ಲಿ ಕೆಟ್ಟಿತು, ಎಲ್ಲಿ ಹಿಡಿಯಿತು, ಅದಷ್ಟೇ ಹೇಳುತ್ತೇನೆ.

ಶುರು ಮಾಡಿದ್ದು 2021ರಲ್ಲಿ. ಆ ಜುಲೈನಿಂದ ಹೊಸ ಸ್ಟ್ಯಾಂಡರ್ಡ್ ಪ್ರಕಾರವೇ ಆಡಿಟ್ ಅಂತಾಗಿತ್ತು. ಮಳೆ ಬಿಟ್ಟ ಮೇಲೆ ಕಲ್ಯಾಣ ಮಂಟಪ ಹಿಡಿದು, ಪ್ರೊಜೆಕ್ಟರ್ ತರಿಸಿ, ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದೆ. 110 ಜನ ಬಂದರು. ಊಟ, ಬಾಡಿಗೆ, ಅವರ ಫೀಸು ಸೇರಿ 60 ಸಾವಿರದ ಹತ್ತಿರ ಹೋಯಿತು. ಪರದೆ ಮೇಲೆ "ಜೀವವೈವಿಧ್ಯ ಸಂರಕ್ಷಣೆ" ಅಂತ ಬಂದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರು "ಇದು ಮರಗಸಿ ವಿಷಯನಾ?" ಅಂತ ಕೇಳಿದರು. ಹೌದು, ಮರಗಸಿ ವಿಷಯವೇ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವುದು. ನಲವತ್ತು ವರ್ಷದಿಂದ ಅವರೇ ನಿಂತು ಮಾಡಿಸುತ್ತಿದ್ದ ಕೆಲಸವನ್ನು ಅವರಿಗೆ ತಿಳಿಯದ ಮಾತಿನಲ್ಲಿ ಹೇಳುತ್ತಿದ್ದೆವು. ಎರಡನೇ ಸಭೆಗೆ ಬಂದವರು 23 ಜನ.

2022ರಲ್ಲಿ ಫೈಲು. ಔಷಧಿ, ಗೊಬ್ಬರ, ಆಳು, ಕೊಯ್ಲು, ತರಬೇತಿ, ಹೀಗೆ 11 ರಿಜಿಸ್ಟರ್ ಅಚ್ಚು ಹಾಕಿಸಿ ಮನೆಮನೆಗೆ ಕೊಟ್ಟೆ. ಫೈಲೊಂದಕ್ಕೆ 240 ರೂಪಾಯಿ ಬಿತ್ತು. ವರ್ಷದ ಕೊನೆಗೆ ಒಳತಪಾಸಣೆಗೆ ಹೋದರೆ ಒಂದು ಮನೆಯಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೂ ಒಂದೇ ಪೆನ್ನು, ಒಂದೇ ಅಕ್ಷರ. ಆಷಾಢದ ಹಾಳೆಗೂ ಒಂದು ಹನಿ ತೇವದ ಕಲೆ ಇಲ್ಲ. ಹಿಂದಿನ ರಾತ್ರಿ ಕಾಲೇಜಿಗೆ ಹೋಗುವ ಮಗಳು ಕೂತು ತುಂಬಿಸಿದ್ದು. ನಲವತ್ತಕ್ಕೂ ಹೆಚ್ಚು ಮನೆಗಳಲ್ಲಿ ಹೆಚ್ಚುಕಡಿಮೆ ಇದೇ ಕಥೆ. ಸುಳ್ಳು ಲೆಕ್ಕ ಮುಂದಿಟ್ಟು ಆಡಿಟ್ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ಆಡಿಟ್‌ಗೆ ಕಟ್ಟಿದ್ದ 50 ಸಾವಿರ ಮುಂಗಡ ಹೋಯಿತು. ಗುಂಪಿನಿಂದ ಜನ ಒಬ್ಬೊಬ್ಬರಾಗಿ ಕಳಚಿಕೊಂಡರು.

ದಾರಿ ಸಿಕ್ಕಿದ್ದೂ ಮಗಳು ಫೈಲು ತುಂಬಿಸಿದ್ದ ಅದೇ ಮನೆಯಲ್ಲಿ. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಗೋಡೆ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಹಸುವಿಗೆ ಇಂಜೆಕ್ಷನ್ ಹಾಕಿಸಿದ ದಿನ, ಅದರ ಪಕ್ಕದಲ್ಲೇ "ಹೆಣ್ಣಾಳು 4, ಗಂಡಾಳು 2", "ಬೋರ್ಡೋ 6 ಡ್ರಮ್" (ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧಿ), "ಮಳೆ 1 ಇಂಚು 40 ಸೆಂಟ್". ನಾನು ಎರಡು ವರ್ಷದಿಂದ ಬೇಡುತ್ತಿದ್ದ ಲೆಕ್ಕವೆಲ್ಲ ಅಲ್ಲೇ ನೇತಾಡುತ್ತಿತ್ತು. "ಅಕ್ಕಾ, ಇದನ್ನ ಎಷ್ಟು ವರ್ಷದಿಂದ ಬರೀತಿದ್ದೀರಿ?" ಅಂದೆ. "ಮದುವೆಯಾಗಿ ಬಂದಾಗಿಂದ್ಲೂ. ಹಳೇವೆಲ್ಲ ಅಟ್ಟದ ಮೇಲಿದಾವೆ, ಬೇಕಾ?" ಅಂದರು.

2023ಕ್ಕೆ ದೊಡ್ಡ ಚೌಕದ ಕ್ಯಾಲೆಂಡರ್ ಮಾಡಿಸಿದೆ. ತರಬೇತಿಯನ್ನು ಮಂಟಪದಿಂದ ಎಬ್ಬಿಸಿ ಮನೆ ಜಗಲಿಗೆ ತಂದೆ. ಆರೇಳು ಮನೆಯ ಹೆಂಗಸರು, ಮಧ್ಯಾಹ್ನದ ಊಟವಾದ ಮೇಲೆ ಒಂದೂವರೆ ಗಂಟೆ. ಏನೇನಕ್ಕೆ ಯಾವ ಗುರುತು ಅನ್ನೋದನ್ನು ಅವರೇ ಗೊತ್ತುಮಾಡಿದರು, ಒಟ್ಟು ಏಳು ಗುರುತು. ಅವನ್ನು ನಾನು ಇಲ್ಲಿ ಕೊಡುವುದಿಲ್ಲ. ನಿಮ್ಮೂರಿನವರು ತಾವೇ ಕೂತು ಹಾಕಿಕೊಂಡರೆ ಮಾತ್ರ ಅದು ನಡೆಯುತ್ತದೆ. ತಿಂಗಳ ಕೊನೆಗೆ ಹಾಳೆಯ ಫೋಟೋ ವಾಟ್ಸಾಪ್‌ಗೆ ಬರುತ್ತಿತ್ತು, ಒಬ್ಬ ಹುಡುಗ ಕಂಪ್ಯೂಟರ್‌ಗೆ ಏರಿಸುತ್ತಿದ್ದ. ಅವನಿಗೆ ತಿಂಗಳಿಗೆ 4 ಸಾವಿರ. ಯಾರ ತೋಟವನ್ನು ಯಾರು ಒಳತಪಾಸಣೆ ಮಾಡಬೇಕು ಅನ್ನುವುದಕ್ಕೂ ನನ್ನದೊಂದು ಲೆಕ್ಕಾಚಾರ ಇದೆ. ಅದು ನನ್ನ ಹತ್ತಿರವೇ ಇರಲಿ.

ಔಷಧಿ ಹೊಡೆಯುವವರ ತರಬೇತಿಗೆ ಮಾತು ಕೆಲಸ ಮಾಡಲಿಲ್ಲ. ಗ್ಲೌಸ್, ಮಾಸ್ಕ್ ಕೊಟ್ಟರೆ ಮೂರೇ ದಿನಕ್ಕೆ ಮೂಲೆಗೆ ಹೋಗುತ್ತಿದ್ದವು. ಒಂದು ದಿನ ಸ್ಪ್ರೇಯರ್‌ಗೆ ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರು ತುಂಬಿಸಿ, ಬಿಳಿ ಪಂಚೆ, ಬಿಳಿ ಅಂಗಿ ಹಾಕಿಸಿ, ಹತ್ತು ನಿಮಿಷ ಎಂದಿನಂತೆ ಹೊಡೆಯಲು ಹೇಳಿದೆ. ಮೊಣಕಾಲಿನಿಂದ ಕೆಳಗೆ ಪೂರ್ತಿ ನೀಲಿ. ಬೆನ್ನಿನ ಮೇಲೆ, ಟ್ಯಾಂಕಿನ ಮುಚ್ಚಳ ಸೋರುವ ಜಾಗದಲ್ಲಿ ಅಂಗೈ ಅಗಲದ ಕಲೆ. ಆತ ಪಂಚೆ ಬಿಚ್ಚಿ ಎತ್ತಿ ಹಿಡಿದು ನೋಡಿದ, ಮಾತಾಡಲಿಲ್ಲ. ಸಂಜೆ ತಾನೇ ಬಂದು ಗಂಬೂಟು ಕೇಳಿದ. ಖರ್ಚು ನೀಲಿಯ ಬಾಟಲಿಯದು ಮಾತ್ರ. ಆಮೇಲೆ ಎಲ್ಲ ತೋಟದಲ್ಲೂ ಇದನ್ನೇ ಮಾಡಿದೆ.

ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಬಿಡಿಸುವುದು ಕಷ್ಟವಾಯಿತು. ಅದು ರೇನ್‌ಫಾರೆಸ್ಟ್ ಅಲೈಯನ್ಸ್‌ನ ನಿಷೇಧದ ಪಟ್ಟಿಯಲ್ಲಿದೆ, ಆದರೆ ಅಂಗಡಿಯಲ್ಲಿ ಸಿಗುತ್ತಿತ್ತು. ನಾಲ್ಕು ಮನೆ ಸೇರಿ ಒಂದು ಕಳೆ ಕತ್ತರಿಸುವ ಯಂತ್ರ ಅಂತ ಮಾಡಿದ ಮೇಲೆ ದಾರಿಗೆ ಬಂತು. ಅದರ ಜತೆಗೇ ನನ್ನ ಸ್ವಂತ ತೋಟದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಕಳೆ ಕತ್ತರಿಸಿ ನೋಡಿದೆ. ಇಳಿಜಾರಿನಲ್ಲಿ ಮಣ್ಣು ಚೆನ್ನಾಗಿ ನಿಂತಿತು, ಆದರೆ ಕೊಯ್ಲಿನವರು ಕಳೆ ಸಾಲಿಗೆ ಇಳಿಯಲು ಒಪ್ಪಲಿಲ್ಲ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಕೊಳೆನೀರಿನ ಗುಂಡಿಗೆ ಹುಳಿ ತಗ್ಗಿಸಲು ಸುಣ್ಣದ ಬದಲು ಒಲೆ ಬೂದಿ ಹಾಕಿಸಿದ್ದೂ ಉಂಟು. ಬುಟ್ಟಿಗಟ್ಟಲೆ ಸುರಿದರೂ ಪಿಎಚ್ 4ರಿಂದ 5ರ ಆಸುಪಾಸಿಗೆ ಬಂದು ನಿಂತಿತು. ಸುಣ್ಣಕ್ಕೇ ಮರಳಿದೆವು.

ಕೊಯ್ಲಿಗೆ ಅಸ್ಸಾಮಿನಿಂದ ಬರುವ ಕುಟುಂಬಗಳ ಜತೆ ಮಕ್ಕಳೂ ಬರುತ್ತಾರೆ. "ಮಕ್ಕಳಿಂದ ಕೆಲಸ ಮಾಡಿಸಬೇಡಿ" ಅಂತ ಬೋರ್ಡ್ ಹಾಕಿದರೆ ಸಾಲದು, ತಾಯಿ ಹಣ್ಣು ಕುಯ್ಯುವಾಗ ಮಗು ಎಲ್ಲಿರಬೇಕು? ಅಕ್ಕಪಕ್ಕದ ಐದು ತೋಟದವರು ಸೇರಿ, ಅಸ್ಸಾಮಿನವರ ಪೈಕಿಯೇ ಒಬ್ಬಾಕೆಗೆ ದಿನದ ಕೂಲಿ ಕೊಟ್ಟು ಲೈನ್ ಮನೆಯಲ್ಲಿ (ಕೂಲಿಯವರು ಇರುವ ಸಾಲುಮನೆ) ಮಕ್ಕಳನ್ನು ನೋಡಿಕೊಳ್ಳಲು ಇರಿಸಿದರು. ದೊಡ್ಡ ಮಕ್ಕಳನ್ನು ಊರ ಶಾಲೆಗೆ ಕಳಿಸಿದೆವು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇದೇ.

ದುಡ್ಡಿನ ಮಾತಿಗೆ ಬರೋಣ. ಆಡಿಟ್ ಫೀಸು ಸೇರಿ ಮೂರು ವರ್ಷಕ್ಕೆ ಐದೂವರೆ ಲಕ್ಷದಷ್ಟು ಖರ್ಚು. ಗುಂಪಿನ ಕಾಫಿ ವರ್ಷಕ್ಕೆ ಸುಮಾರು 120 ಟನ್. ಸರ್ಟಿಫಿಕೇಟ್ ಇದ್ದದ್ದಕ್ಕೆ ಕೆ.ಜಿ.ಗೆ 3 ರೂಪಾಯಿ ಹೆಚ್ಚುವರಿ ನೇರವಾಗಿ ಬೆಳೆಗಾರರಿಗೆ, ಗುಂಪಿನ ಖರ್ಚಿಗೆ ಬೇರೆ 1 ರೂಪಾಯಿ ಸಿಕ್ಕಿತು. ನಾನು ಹಾಕಿದ್ದು ಪೂರ್ತಿ ವಾಪಸ್ ಬಂದಿಲ್ಲ. ಅಷ್ಟರಲ್ಲಿ 2024ರಲ್ಲಿ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆ.ಜಿ. ಮೂಟೆಗೆ 10 ಸಾವಿರ ದಾಟಿತು. "ಮೂಟೆಗೆ 150 ರೂಪಾಯಿಗೋಸ್ಕರ ಇಷ್ಟೆಲ್ಲ ಯಾಕೆ ಸಾರ್?" ಅಂದರು ಗಂಡಸರು. ಬರೆಯುವುದನ್ನು ಬಿಡದವರು ಹೆಂಗಸರು. ಗೊಬ್ಬರಕ್ಕೆ ಎಷ್ಟು, ಕಳೆಗೆ ಎಷ್ಟು ಅಂತ ವರ್ಷದ ಲೆಕ್ಕ ಒಟ್ಟಿಗೆ ಸಿಗತೊಡಗಿದ ಮೇಲೆ ಅವರು ಬಿಡುವ ಮಾತೇ ಇರಲಿಲ್ಲ.

ಇನ್ನು 2023ರ ಕೊನೆಗೆ ನಡೆದ ಆಡಿಟ್. ಗುಂಪಿನ ಸಂಖ್ಯೆಯ ವರ್ಗಮೂಲದಷ್ಟಾದರೂ ತೋಟ ನೋಡಬೇಕಿತ್ತು, ನಮಗೆ ಎಂಟು. ಕ್ಯಾಲೆಂಡರನ್ನು ಆಡಿಟರ್ ಕಣ್ಣೆತ್ತಿಯೂ ನೋಡುವುದಿಲ್ಲ ಅಂತ 2021ರಲ್ಲಿ ಕರೆಸಿದ್ದ ಸಲಹೆಗಾರರು ಮೊದಲೇ ಹೇಳಿದ್ದರು. ಮೂರನೇ ಮನೆಯಲ್ಲಿ ಔಷಧಿ ರೆಕಾರ್ಡ್ ಕೇಳಿದಾಗ ಅಜ್ಜಿ ಒಳಗೆ ಹೋಗಿ ಮೊಳೆಯಿಂದ ಕ್ಯಾಲೆಂಡರ್ ಕಳಚಿ ತಂದು ಮೇಜಿನ ಮೇಲಿಟ್ಟರು. ಆಡಿಟರ್ ಅಂಗಡಿ ಬಿಲ್ಲು ಪಕ್ಕಕ್ಕಿಟ್ಟು ತಾರೀಕು ತಾಳೆ ನೋಡಿದರು, ಆಳನ್ನು ಕರೆದು ಕೇಳಿದರು, ಮತ್ತೆ ನೋಡಿದರು. ಕೂಡಿತು. ಎಂಟೂ ಮನೆಯಲ್ಲಿ ಕೂಡಿತು. ಮೂರು ಸಣ್ಣ ತಪ್ಪು ಬರೆದರು, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆಯದು. ಹೊರಡುವಾಗ ಅಜ್ಜಿ "ಅದನ್ನ ಕೊಡಪ್ಪ, ಹಾಲಿನ ಲೆಕ್ಕ ಅದರಲ್ಲೇ ಇದೆ" ಅಂತ ಕೈಚಾಚಿದರು.