ಅಮೆರಿಕದ ಮನೆಯಲ್ಲಿ ಥರ್ಮೋಸ್ಟಾಟ್ ಬದಲಿಸುವುದು: ಬಣ್ಣ ನಂಬಬೇಡಿ, ಅಕ್ಷರ ನೋಡಿ

ನಮ್ಮ ಬೆಂಗಳೂರಲ್ಲಿ ಏಸಿ ಅಂದರೆ ರೂಮಿಗೊಂದು ಪೆಟ್ಟಿಗೆ, ಅದಕ್ಕೊಂದು ರಿಮೋಟ್. ಅಮೆರಿಕಕ್ಕೆ ಬಂದು ಮನೆ ತಗೊಂಡವರಿಗೆ ಕಾಣುವ ವ್ಯವಸ್ಥೆಯೇ ಬೇರೆ. ಬೇಸ್‌ಮೆಂಟಿನಲ್ಲೋ ಅಟ್ಟದಲ್ಲೋ ಮನೆ ಬಿಸಿ ಮಾಡುವ ಫರ್ನೇಸ್, ಮನೆ ಹೊರಗೆ ಕಂಡೆನ್ಸರ್ ಅನ್ನುವ ಏಸಿಯ ಹೊರಪೆಟ್ಟಿಗೆ, ಎರಡಕ್ಕೂ ಅಪ್ಪಣೆ ಕೊಡುವುದು ಗೋಡೆ ಮೇಲಿನ ಥರ್ಮೋಸ್ಟಾಟ್. ಹಳೆಯದನ್ನು ತೆಗೆದು ಹೊಸದು ಹಾಕೋದು ಕಷ್ಟದ ಕೆಲಸವಲ್ಲ. ಅವಸರ ಮಾಡಬಾರದು, ಅಷ್ಟೇ.

ಮೊದಲು ಕರೆಂಟ್ ತೆಗೆಯಿರಿ. ಫರ್ನೇಸಿನ ಬ್ರೇಕರ್, ಏಸಿಯ ಬ್ರೇಕರ್, ಎರಡೂ. ಥರ್ಮೋಸ್ಟಾಟ್ ವೈರುಗಳಲ್ಲಿ ಇರುವುದು ಬರೀ 24 ವೋಲ್ಟ್, ಶಾಕ್ ಹೊಡೆಯುವ ಭಯ ಕಡಿಮೆ. ಆದರೆ ಕರೆಂಟ್ ಇರುವಾಗ ಎರಡು ಬರಿ ತುದಿಗಳು ತಗುಲಿದರೆ ಫರ್ನೇಸ್ ಒಳಗಿನ ಸರ್ಕ್ಯೂಟ್ ಬೋರ್ಡಿನ ಫ್ಯೂಸ್ ಹೋಗಬಹುದು, ಫ್ಯೂಸೇ ಇಲ್ಲದ ಹಳೇ ಫರ್ನೇಸ್ ಆದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು.

ಮುಚ್ಚಳ ತೆಗೆದಾಗ ದಪ್ಪ ವೈರುಗಳು ಕಂಡರೆ, ಅಥವಾ 120 ಇಲ್ಲವೇ 240 ವೋಲ್ಟ್ ಅಂತ ಬರೆದಿದ್ದರೆ, ಅಲ್ಲಿಗೇ ನಿಲ್ಲಿಸಿ. ಅದು ಗೋಡೆಯಂಚಿನ ಎಲೆಕ್ಟ್ರಿಕ್ ಹೀಟರಿನದು, ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್ ಬೇಕು. ಒಳಗೆ ಗಾಜಿನ ಬುರುಡೆಯಲ್ಲಿ ಬೆಳ್ಳಿಯಂಥ ದ್ರವ ಕಂಡರೆ ಅದು ಪಾದರಸ. ಕಸದ ಡಬ್ಬಿಗೆ ಹಾಕಬೇಡಿ, ಊರಿನ ಅಪಾಯಕಾರಿ ಕಸ ತಗೊಳ್ಳುವ ಜಾಗಕ್ಕೆ ಕೊಡಿ.

ಈಗ ಒಂದು ಫೋಟೋ ತೆಗೆದುಕೊಳ್ಳಿ. ಪ್ರತಿ ವೈರು ಯಾವ ಇಂಗ್ಲಿಷ್ ಅಕ್ಷರದ ಕೆಳಗಿದೆ ಅನ್ನೋದು ಸ್ಪಷ್ಟವಾಗಿ ಕಾಣಬೇಕು. ಆಮೇಲೆ ಒಂದೊಂದಕ್ಕೂ ಅದೇ ಅಕ್ಷರದ ಚೀಟಿ ಅಂಟಿಸಿ ಬಿಚ್ಚಿ, ವೈರುಗಳು ಗೋಡೆಯೊಳಗೆ ಜಾರದ ಹಾಗೆ ಒಂದು ಪೆನ್ಸಿಲಿಗೆ ಸುತ್ತಿಡಿ. ಸಾಮಾನ್ಯವಾಗಿ ಕೆಂಪು ಆರ್‌ಗೆ, ಬಿಳಿ ಡಬ್ಲ್ಯೂಗೆ, ಹಳದಿ ವೈಗೆ, ಹಸಿರು ಜಿಗೆ ಇರುತ್ತದೆ. ಆದರೆ ಹಿಂದೆ ಯಾರೋ ಕೈಗೆ ಸಿಕ್ಕ ಬಣ್ಣ ಹಾಕಿರಬಹುದು ಅಲ್ವಾ? ಅದಕ್ಕೇ ಅಕ್ಷರವನ್ನೇ ನಂಬಿ.

ಆರ್ ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಬರುವ 24 ವೋಲ್ಟ್. ಥರ್ಮೋಸ್ಟಾಟ್ ಮಾಡುವುದು ಇಷ್ಟೇ: ಆರ್ ಅನ್ನು ಡಬ್ಲ್ಯೂಗೆ ಸೇರಿಸಿದರೆ ಹೀಟಿಂಗ್, ವೈಗೆ ಸೇರಿಸಿದರೆ ಕಂಪ್ರೆಸರ್, ಜಿಗೆ ಸೇರಿಸಿದರೆ ಫ್ಯಾನ್. ಆರ್‌ಸಿ (ಕೂಲಿಂಗಿಗೆ), ಆರ್‌ಎಚ್ (ಹೀಟಿಂಗಿಗೆ) ಅಂತ ಎರಡು ಜಾಗವಿದ್ದು ಕೆಂಪು ವೈರು ಒಂದೇ ಇದ್ದರೆ, ನಡುವೆ ಜಂಪರ್ ಅನ್ನುವ ಒಂದು ಚಿಕ್ಕ ತುಂಡು ವೈರು ಹಾಕಬೇಕು. ಕೆಲವು ಹೊಸ ಥರ್ಮೋಸ್ಟಾಟ್‌ಗಳು ಅದನ್ನು ಒಳಗೇ ಮಾಡಿಕೊಳ್ಳುತ್ತವೆ, ಕೈಪಿಡಿ ನೋಡಿ. ಗೋಡೆಯಿಂದ ಎರಡು ಆರ್ ವೈರು ಬಂದಿದ್ದರೆ ಮಾತ್ರ ಜಂಪರ್ ಹಾಕಲೇಬೇಡಿ, ಅಲ್ಲಿ ಎರಡು ಟ್ರಾನ್ಸ್‌ಫಾರ್ಮರ್ ಇರಬಹುದು. ಓ ಅಥವಾ ಬಿಗೆ ವೈರು ಹಾಕಿದ್ದರೆ ಸಾಮಾನ್ಯವಾಗಿ ನಿಮ್ಮದು ಹೀಟ್ ಪಂಪ್, ಅಂದರೆ ಒಂದೇ ಯಂತ್ರ ಮನೆಯನ್ನು ಬಿಸಿಯೂ ಮಾಡುತ್ತದೆ, ತಂಪೂ ಮಾಡುತ್ತದೆ. ಅದರ ಸೆಟ್ಟಿಂಗ್ ತಿರುಗುಮುರುಗಾದರೆ ಬೇಸಿಗೆಯಲ್ಲಿ ಬಿಸಿಗಾಳಿ ಬರುತ್ತದೆ.

ಜಾಸ್ತಿ ಜನ ಸಿಕ್ಕಿಬೀಳುವುದು ಸಿ ವೈರಿನಲ್ಲಿ. ವೈಫೈ ಇರುವ ಥರ್ಮೋಸ್ಟಾಟಿಗೆ ಸದಾ ಕರೆಂಟ್ ಬೇಕು, ಅದು ವಾಪಸ್ ಹೋಗುವ ದಾರಿ ಸಿ. ಹಳೇ ಥರ್ಮೋಸ್ಟಾಟಿಗೆ ಇದು ಬೇಕಿರಲಿಲ್ಲ. ಹಾಗಾಗಿ ವೈರುಗಳ ಕಟ್ಟನ್ನು ಮೆಲ್ಲಗೆ ಮುಂದಕ್ಕೆಳೆದು ನೋಡಿ, ಎಷ್ಟೋ ಮನೆಗಳಲ್ಲಿ ಒಂದು ನೀಲಿ ವೈರು ಸುಮ್ನೆ ಹಿಂದೆ ಮಡಚಿಕೊಂಡು ಕೂತಿರುತ್ತದೆ. ಸಿಕ್ಕಿತು ಅಂತ ನೇರ ಸಿಗೆ ಹಾಕಿದರೆ ಸಾಲದು. ಫರ್ನೇಸಿನ ಬಾಗಿಲು ತೆಗೆದು, ಅದರ ಇನ್ನೊಂದು ತುದಿಯನ್ನು ಬೋರ್ಡಿನ ಸಿಗೆ ಸೇರಿಸಬೇಕು. ಅಲ್ಲಿ ಸಿ ಮತ್ತು ವೈ ಸ್ಕ್ರೂಗಳ ಕೆಳಗೆ ಆಗಲೇ ಇನ್ನೊಂದು ಜೋಡಿ ವೈರು ಇರುತ್ತದೆ, ಅದು ಹೊರಗಿನ ಕಂಡೆನ್ಸರಿಗೆ ಹೋಗುವುದು, ಕೀಳಬೇಡಿ. ಬಿಡಿ ವೈರು ಇಲ್ಲವೇ ಇಲ್ಲ ಅಂದರೆ ಪ್ಲಗ್ಗಿಗೆ ಹಾಕುವ 24 ವೋಲ್ಟಿನ ಅಡಾಪ್ಟರ್ ಸಿಗುತ್ತದೆ, ಕೆಲವು ಕಂಪನಿಗಳು ಥರ್ಮೋಸ್ಟಾಟಿನ ಜೊತೆಗೇ ಬೇರೆ ಕಿಟ್ ಕೊಡುತ್ತವೆ.

ವೈರಿನ ತುದಿ ಸುಮಾರು 1 ಸೆಂಟಿಮೀಟರ್ ಸುಲಿದು, ನೆಟ್ಟಗೆ ಒಳಗೆ ತಳ್ಳಿ, ಮೆಲ್ಲಗೆ ಎಳೆದು ನೋಡಿ. ಬರಿ ತಾಮ್ರ ಹೊರಗೆ ಕಾಣಬಾರದು. ಗೋಡೆಯ ತೂತನ್ನು ಪುಟ್ಟಿಯಿಂದ ಮುಚ್ಚಿ, ಇಲ್ಲದಿದ್ದರೆ ಗೋಡೆಯೊಳಗಿನ ತಣ್ಣನೆ ಗಾಳಿ ನೇರ ಥರ್ಮೋಸ್ಟಾಟಿಗೆ ಬಡಿದು, ಮನೆ ಬೆಚ್ಚಗಿದ್ದರೂ ಫರ್ನೇಸ್ ಓಡುತ್ತಲೇ ಇರುತ್ತದೆ.

ಬ್ರೇಕರ್ ಹಾಕಿ, ಮೊದಲು ಫ್ಯಾನ್, ಆಮೇಲೆ ಹೀಟಿಂಗ್ ನೋಡಿ. ಗ್ಯಾಸ್ ಫರ್ನೇಸ್ ಬಿಸಿಯಾದ ಮೇಲೆ ತಾನೇ ಫ್ಯಾನ್ ಹಾಕಿಕೊಳ್ಳುತ್ತದೆ, ಗಾಬರಿಯಾಗಬೇಡಿ. ಕೂಲಿಂಗಿಗೆ ಹಾಕಿದರೆ ಕಂಪ್ರೆಸರ್ 5 ನಿಮಿಷ ತಡವಾಗಿ ಶುರುವಾಗಬಹುದು, ಅದು ಬೇಕೆಂದೇ ಇಟ್ಟ ರಕ್ಷಣೆ. ಹೊರಗೆ 60 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆ ಇದ್ದರೆ ಏಸಿ ಪರೀಕ್ಷೆಯನ್ನು ಬೇಸಿಗೆಗೆ ಬಿಡಿ.

ಏನೂ ಆನ್ ಆಗಲಿಲ್ಲವೇ? ಫರ್ನೇಸ್ ಬಾಗಿಲು ಸರಿಯಾಗಿ ಕೂತಿದೆಯಾ ನೋಡಿ, ಅದು ಸಡಿಲವಿದ್ದರೆ ಒಳಗಿನ ಸ್ವಿಚ್ ಎಲ್ಲವನ್ನೂ ಆಫ್ ಮಾಡುತ್ತದೆ. ಆಮೇಲೆ ಬಾಗಿಲು ತೆಗೆದು, ಆ ಸ್ವಿಚ್ಚನ್ನು ಒತ್ತಿ ಹಿಡಿದು, ಮಲ್ಟಿಮೀಟರನ್ನು ಏಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗೆ ಇಟ್ಟು ಬೋರ್ಡಿನಲ್ಲಿ ಆರ್ ಮತ್ತು ಸಿ ನಡುವೆ ಅಳೆಯಿರಿ, 24ರ ಆಸುಪಾಸು ಬರಬೇಕು. ಬರದಿದ್ದರೆ ಕಾರಿನಲ್ಲಿರುವಂಥ 3 ಅಥವಾ 5 ಆಂಪಿಯರಿನ ಫ್ಯೂಸ್ ಹೋಗಿದೆಯಾ ನೋಡಿ, ಬ್ರೇಕರ್ ಆಫ್ ಮಾಡಿ ಅಷ್ಟೇ ಆಂಪಿಯರಿನದು ಹಾಕಿ. ಅದೂ ಹೋದರೆ ದೊಡ್ಡ ಫ್ಯೂಸ್ ಹಾಕುವ ಯೋಚನೆ ಬೇಡವೇ ಬೇಡ. ಎಲ್ಲೋ ಶಾರ್ಟ್ ಇದೆ. ಕಂಡೆನ್ಸರ್ ಹತ್ತಿರದ ವೈರು ಹುಲ್ಲಿನ ಟ್ರಿಮ್ಮರ್ ತಗುಲಿ ಸುಲಿದಿದೆಯಾ ಅಂತ ಒಮ್ಮೆ ನೋಡಿ, ಕಾಣದಿದ್ದರೆ ಟೆಕ್ನಿಷಿಯನ್ ಕರೆಸಿ.